ರಾತ್ರಿ ಗಾಡಿ ಎಲ್ಲಿತ್ತು?

ವಿಸ್ಕಾನ್ಸಿನ್ನಿನ ನಮ್ಮ ಊರಲ್ಲಿ ಕುಡಿದರೆ ಮಾನ ಹೋಗುವುದಿಲ್ಲ. ಕುಡಿದು ಗಾಡಿ ಓಡಿಸಿದರೂ ಹೋಗುವುದಿಲ್ಲ. ಗಾಡಿಯನ್ನು ಬಾರಿನ ಮುಂದೆ ಬಿಟ್ಟುಹೋದರೆ ಮಾತ್ರ ಹೋಗುತ್ತದೆ. ನನ್ನ ಬಾರಿನ ಎದುರೇ ಚರ್ಚು. ಭಾನುವಾರ ಪ್ರಾರ್ಥನೆಗೆ ಬರುವವರು ದೇವರಿಗಿಂತ ಮೊದಲು ನನ್ನ ಅಂಗಳ ನೋಡುತ್ತಾರೆ. ಅಲ್ಲಿ ಯಾರ ಗಾಡಿ ನಿಂತಿದೆಯೋ ಅವನು ಕುಡುಕ. ಉಳಿದವರೆಲ್ಲ ಸಜ್ಜನರು, ರಾತ್ರಿ ಮನೆ ಹೇಗೆ ಸೇರಿದರೆಂದು ಯಾರೂ ಕೇಳುವುದಿಲ್ಲ.

ನನ್ನ ತಮ್ಮ ಡೆಲ್ಮರ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಆ ಬಸ್ಸೇ ಅವನ ಸಂಸಾರ. ಯಾವ ಮಗು ಕಿಟಕಿ ಸೀಟಿಗೆ ಹಟ ಮಾಡುತ್ತದೆ, ಯಾವುದು ಟೊಪ್ಪಿಗೆ ಮರೆತು ಬರುತ್ತದೆ, ಎಲ್ಲ ಬಲ್ಲ. ಅಕ್ಟೋಬರಿನ ಒಂದು ಶನಿವಾರ ಸಂಜೆ ಇಸ್ಪೀಟಿನಲ್ಲಿ ಗೆದ್ದ ಖುಷಿಗೆ ಬ್ರಾಂಡಿ ಕೊಂಚ ಹೆಚ್ಚೇ ಏರಿಸಿದ. ಎದ್ದು ನಿಂತಾಗ ತೂರಾಡಿದ. ತಾನಾಗಿಯೇ ಗಾಡಿಯ ಕೀಲಿ ತೆಗೆದು ನನ್ನ ಕೈಗಿಟ್ಟ.

"ಅಕ್ಕಾ, ಇವತ್ತು ನನ್ ಕೈಲಿ ಆಗಲ್ಲ. ನೀನೇ ಮನೆಗೆ ಬಿಟ್ಬಿಡು."

ಪಕ್ಕದ ಮೇಜಿನಲ್ಲಿ ಶಾಲಾ ಮಂಡಳಿಯ ಅಧ್ಯಕ್ಷ ನಾರ್ಬರ್ಟ್ ಗಹಗಹಿಸಿದ. ಅವನು ಡೆಲ್ಮರನಿಗಿಂತ ಎರಡು ಲೋಟ ಮುಂದಿದ್ದ.

"ಏನಯ್ಯಾ, ಇಷ್ಟೇ ಇಷ್ಟು ದೂರಕ್ಕೆ ಅಕ್ಕನ ಕೈ ಹಿಡ್ಕೊಂಡು ಹೋಗ್ತೀಯಾ? ನಾನು ಕಣ್ಣು ಮುಚ್ಕೊಂಡ್ರೂ ನನ್ ಗಾಡಿಗೆ ದಾರಿ ಗೊತ್ತು ಕಣೋ!"

ನಾನು ತಮ್ಮನನ್ನು ನನ್ನ ಕಾರಿನಲ್ಲಿ ಮನೆಗೆ ಬಿಟ್ಟು ಬಂದೆ. ನಿಜ ಹೇಳುತ್ತೇನೆ, ಅವನ ಬಗ್ಗೆ ಹೆಮ್ಮೆಯಾಗಿತ್ತು. ಬೆಳಿಗ್ಗೆ ಚರ್ಚಿಗೆ ಜನ ಸೇರುವ ಮೊದಲೇ ಬಂದು ಗಾಡಿ ಒಯ್ಯಲು ಅವನಿಗೆ ಎಚ್ಚರವಾಗಲಿಲ್ಲ. ಅವನ ಕೆಂಪು ಗಾಡಿ ಚರ್ಚಿನ ಎದುರು ಇಡೀ ಊರಿಗೆ ಕಾಣುವಂತೆ ನಿಂತುಬಿಟ್ಟಿತು. ಮಧ್ಯಾಹ್ನದೊಳಗೆ ಅವನ ಮನೆಗೆ ಸಾವಾದ ಮನೆಗೆ ಕೊಡುವಂತೆ ಚೀಸ್ ಹಾಕಿ ಬೇಯಿಸಿದ ಆಲೂಗೆಡ್ಡೆಯ ಪಾತ್ರೆಗಳು ಬಂದವು. ಪಾದ್ರಿಯೂ ಬಂದು ಅವನ ಕೈ ಹಿಡಿದು ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಅದೇ ವಾರ ಶಾಲಾ ಮಂಡಳಿ ಸೇರಿತು. ಊರವರ ಜೊತೆ ನಾನೂ ಹೋಗಿ ಕೂತೆ.

"ಇದು ಮಕ್ಕಳ ಪ್ರಾಣದ ಪ್ರಶ್ನೆ," ನಾರ್ಬರ್ಟ್ ಗಂಟಲು ಸರಿಮಾಡಿಕೊಂಡ. "ಡೆಲ್ಮರನ ಗಾಡಿ ಎಲ್ಲಿತ್ತು ಅಂತ ಊರೇ ನೋಡಿದೆ."

ನನಗೆ ಮೈ ಉರಿದುಹೋಯಿತು. "ನಿನ್ ಗಾಡಿ ಮನೇಲೇ ಇತ್ತು ಬಿಡು ಮಾರಾಯ. ರಸ್ತೆ ಬದೀಲಿರೋ ನಿಮ್ಮನೆ ಟಪಾಲು ಡಬ್ಬಿ ಗುದ್ದಿ ಬೀಳಿಸ್ಕೊಂಡೇ ಒಳಗೆ ಹೋಯ್ತಂತಲ್ಲ?"

"ಅದಾ? ಹಿಮ ತೆಗೆಯೋ ಗಾಡಿ ಬಡೀತು ಅರ್ಲೀನ್."

ಆ ವರ್ಷ ಇನ್ನೂ ಒಂದು ಚೂರು ಹಿಮವೂ ಬಿದ್ದಿರಲಿಲ್ಲ. ಆದರೂ ಒಬ್ಬರೂ ನಗಲಿಲ್ಲ. ಅಲ್ಲಿದ್ದ ಎಷ್ಟೋ ಜನರ ಮನೆಯ ಮುಂದೆ ಅಂಥ ಸೊಟ್ಟ ಡಬ್ಬಿ ಇದೆ. ಕ್ರಿಸ್ಮಸ್‌ವರೆಗೆ ಡೆಲ್ಮರನಿಗೆ ಬಸ್ಸು ಇಲ್ಲ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಅವನ ಗಾಡಿ ಒಂದು ಬೆಳಿಗ್ಗೆಯೂ ಯಾವ ಬಾರಿನ ಮುಂದೆಯೂ ಕಾಣದಿದ್ದರೆ ಮತ್ತೆ ಕೊಡುತ್ತಾರಂತೆ.

ಮುಂದಿನ ಶನಿವಾರ ಅವನು ಮತ್ತೆ ಅಷ್ಟೇ ಕುಡಿದ. ನಾನು ಕೈ ಚಾಚಿದೆ.

"ಕೀಲಿ ಕೊಡೋ."

"ಕೊಟ್ಟು ಕೆಟ್ಟಿದ್ದು ಸಾಕು ಕಣಕ್ಕಾ."

"ಹಾಗಾದ್ರೆ ಕುಡಿಯೋದೇ ಬಿಡು, ಪೀಡೆ ಹೋಗ್ಲಿ."

"ಬಿಟ್ರೆ ಇವನಿಗೆ ಕುಡಿತದ ಕಾಯಿಲೆ ಇತ್ತು ಅಂತಾರೆ. ಆಮೇಲೆ ಬಸ್ಸು ಮುಟ್ಟೋಕೂ ಬಿಡಲ್ಲ."

ಇನ್ನು ನಿನಗೆ ಕುಡಿಯಲು ಕೊಡುವುದಿಲ್ಲ ಎಂದೆ. ಅವನು ಹೆದ್ದಾರಿಯ ಇನ್ನೊಂದು ಬಾರಿಗೆ ಹೋಗತೊಡಗಿದ. ಪ್ರತಿ ಶನಿವಾರ ರಾತ್ರಿ ಫೋನು ರಿಂಗಾದರೆ ಸಾಕು, ಅವನಿಗೇ ಏನೋ ಆಯಿತೆಂದು ಓಡಿಹೋಗಿ ಎತ್ತುತ್ತಿದ್ದೆ. ದೇವರು ದೊಡ್ಡವನು, ಏನೂ ಆಗಲಿಲ್ಲ. ಗಾಡಿ ಬೆಳಿಗ್ಗೆ ತಪ್ಪದೆ ಅವನ ಅಂಗಳದಲ್ಲೇ ಇರುತ್ತಿತ್ತು, ಒಮ್ಮೊಮ್ಮೆ ಅಡ್ಡಡ್ಡ.

"ಹುಡುಗ ಎಷ್ಟು ಸುಧಾರಿಸಿದ್ದಾನೆ ನೋಡಿ!" ಎಂದು ನಾರ್ಬರ್ಟ್ ಸಭೆಯಲ್ಲಿ ಮೆಚ್ಚಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸ್ಸು ಮತ್ತೆ ಅವನ ಕೈಗೆ ಬಂತು.

ರಜೆ ಮುಗಿದ ಸೋಮವಾರ ಬಸ್ಸು ನಮ್ಮ ಮನೆ ಮುಂದೆ ನಿಂತಿತು. ಡೆಲ್ಮರ್ ಹೊಸ ಟೊಪ್ಪಿಗೆ ಹಾಕಿಕೊಂಡು, ಮುಖವೆಲ್ಲ ನಗುವಾಗಿ ಬಾಗಿಲು ತೆರೆದ. ಶಾಲೆಗೆ ಹೊರಟಿದ್ದ ನನ್ನ ಮೊಮ್ಮಗಳು ಬ್ರಿನ್ ಮೆಟ್ಟಿಲಿಗೆ ಕಾಲಿಟ್ಟಳು. ನಾನು ಅವಳ ಕೈ ಬಿಡಲಿಲ್ಲ.

"ಯಾಕಕ್ಕಾ? ನನ್ ಮೇಲೆ ನಂಬಿಕೆ ಇಲ್ವಾ?"

"ಗಾಡಿ ಬಿಟ್ಟುಹೋದ ದಿನ ಇತ್ತು ಕಣೋ," ಎಂದು ಮಗುವನ್ನು ನನ್ನ ಕಾರಿಗೆ ಹತ್ತಿಸಿಕೊಂಡೆ.