ತಂಗಿಯ ಬಿಳಿ ಪಟ್ಟಿಗಳು

ಸ್ವಂತ ತಂಗಿಯೇ ನನ್ನ ಪ್ರಯೋಗಾಲಯಕ್ಕೆ ಸಂಶೋಧನೆಗೆ ಸೇರಿದಳು. ಪಕ್ಷಪಾತ ಎಂದು ಯಾರೂ ಬೆರಳು ತೋರಿಸಬಾರದೆಂದು ಅವಳನ್ನು ಉಳಿದವರಿಗಿಂತ ಬಿಗಿಯಾಗಿಯೇ ನಡೆಸಿಕೊಂಡೆ.

ಎಲೆಯ ಜೀವಕೋಶದ ಪೊರೆಯಲ್ಲಿ ಹಲವು ಬಗೆಯ ಕೊಬ್ಬುಗಳಿರುತ್ತವೆ. ನಾವು ಅಧ್ಯಯನ ಮಾಡುತ್ತಿದ್ದ ಪ್ರೋಟೀನು ಅವುಗಳಲ್ಲಿ ಯಾವುದಕ್ಕೆ ಅಂಟುತ್ತದೆಂದು ಅವಳು ಕಂಡುಹಿಡಿಯಬೇಕಿತ್ತು. ಎರಡು ಬೆರಳಗಲದ, ಕಾಗದದಂಥ ಬಿಳಿ ಪಟ್ಟಿಯ ಮೇಲೆ ಒಂದೊಂದು ಕೊಬ್ಬನ್ನೂ ಚುಕ್ಕೆಯಾಗಿ ಇಟ್ಟು, ಖಾಲಿ ಜಾಗಕ್ಕೆ ಏನೂ ಅಂಟದಂತೆ ಅದನ್ನು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನಿನ ದ್ರಾವಣದಿಂದ ಮುಚ್ಚಿ, ಆಮೇಲೆ ನಮ್ಮ ಪ್ರೋಟೀನು ಸುರಿದು ತೊಳೆಯುವುದು. ಬಣ್ಣ ಬರಿಸಿದಾಗ ಅಂಟಿದ ಚುಕ್ಕೆ ಕಪ್ಪಾಗಬೇಕು. ನಾಲ್ಕು ತಿಂಗಳು ಅವಳ ಪಟ್ಟಿಗಳೆಲ್ಲ ಬೆಳ್ಳಗೇ ಉಳಿದವು.

“ಅಕ್ಕಾ, ನಂಗ್ಯಾಕೋ ಈ ಆಲ್ಬುಮಿನ್ ಮೇಲೇ ಅನುಮಾನ. ಬೇರೆ ತರಿಸೋಣ್ವಾ?” ಎಂದಳು ಒಂದು ದಿನ, ಎಲ್ಲರೆದುರು.

ತರಿಸಿದವಳು ನಾನೇ. ಸಿಟ್ಟು ನೆತ್ತಿಗೇರಿತು. “ಡಬ್ಬಿ ಮೇಲೆ ಗೂಬೆ ಕೂರಿಸ್ಬೇಡ. ನಿನ್ನ ಕೈಯೇ ಸರಿಯಿಲ್ಲ.”

ಮುಂದಿನ ವಾರ ಅವಳು ಬಿಟ್ಟು ಹೋದಳು. ಮನೆಯಲ್ಲೂ ಮಾತು ನಿಂತಿತು. “ಒಂದೇ ಹೊಟ್ಟೇಲಿ ಹುಟ್ಟಿದೋರು ಹೀಗಾ ಇರೋದು?” ಎಂದು ಅಮ್ಮ ಕಣ್ಣೀರಿಟ್ಟಳು, ಅದೇ ಕೊರಗಿನಲ್ಲಿ ತೀರಿಯೂಹೋದಳು.

ಆರು ವರ್ಷದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಾಗ, ಹೊಸ ಸಹೋದ್ಯೋಗಿಯೊಬ್ಬ ನಾನು ಆಗಲೂ ತರಿಸುತ್ತಿದ್ದ ಅದೇ ಬಗೆಯ ಆಲ್ಬುಮಿನ್ ಡಬ್ಬಿಯ ಚೀಟಿ ಓದಿ, “ಮೇಡಂ, ಇದು ಕೊಬ್ಬು ತೆಗೆದಿರೋ ಆಲ್ಬುಮಿನ್ ಅಲ್ವಲ್ಲ. ಇದರಲ್ಲಿರೋ ಕೊಬ್ಬನ್ನೇ ಪ್ರೋಟೀನು ಹಿಡ್ಕೊಂಡ್ರೆ ಚುಕ್ಕೆಗೆ ಎಲ್ಲಿಂದ ಅಂಟುತ್ತೆ?” ಎಂದ.

ಕೊಬ್ಬು ತೆಗೆದದ್ದನ್ನು ತರಿಸಿದೆವು. ಮೊದಲ ಪಟ್ಟಿಯಲ್ಲೇ ಮೂರನೆಯ ಚುಕ್ಕೆ ಕಪ್ಪಾಯಿತು. ಪಟ್ಟಿಯೊಂದನ್ನೇ ನಂಬಲಾಗದೆ, ಅದೇ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳನ್ನು ಮಾಡಿ, ಪ್ರೋಟೀನು ಬೆರೆಸಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದೆವು. ಗುಳ್ಳೆಗಳಿಗೆ ಅಂಟಿಕೊಂಡು ಪ್ರೋಟೀನೂ ತಳ ಸೇರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈತೊಳೆಯುವ ನೆಪದಲ್ಲಿ ಹೊರಗೆ ಬಂದೆ.

ಮಧ್ಯಾಹ್ನವೇ ತಂಗಿ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದೆ. ಎಳ್ಳಿನಷ್ಟು ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದು ಫ್ರೇಮಿಗೆ ಕೂರಿಸುತ್ತಿದ್ದಳು. ಕೈ ಒಂದಿಷ್ಟೂ ಅಲುಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

“ಯಾವ ಚುಕ್ಕೆ?” ಎಂದಳು.

“ಮೂರನೇದು.”

“ನನ್ನ ಊಹೇನೂ ಅದೇ ಇತ್ತು.”

“ತಪ್ಪಾಯ್ತು ಕಣೇ. ವಾಪಸ್ ಬಾ. ಲೇಖನದಲ್ಲಿ ಮೊದಲ ಹೆಸರು ನಿಂದೇ.”

“ಹೆಸರು ಹಾಕು, ಬೇಡ ಅನ್ನಲ್ಲ. ಆದ್ರೆ ಬರಲ್ಲ ಅಕ್ಕಾ. ನೀನಂದಿದ್ದನ್ನ ನಾನೂ ನಂಬಿಬಿಟ್ಟಿದ್ದೆ. ಈಗ ಇಲ್ಲಿಗೇ ಒಗ್ಗಿಕೊಂಡಿದೀನಿ.” ಚಿಮುಟ ಕೆಳಗಿಟ್ಟು, “ಅಮ್ಮನಿಗೆ ಹೇಳೋಕಾಗ್ಲಿಲ್ವಲ್ಲ,” ಎಂದಳು.

ಲೇಖನ ಪ್ರಕಟವಾಯಿತು. ಈಗ ಭಾನುವಾರ ಅವಳ ಮನೆಗೆ ಹೋಗುತ್ತೇನೆ. ಮಕ್ಕಳ ಶಾಲೆ, ಸೋರುವ ನಲ್ಲಿ, ಮೊಣಕಾಲು ನೋವು, ಎಲ್ಲ ಮಾತಾಡುತ್ತೇವೆ. ಪ್ರಯೋಗಾಲಯದ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.