ತೂಬೆತ್ತಿದವನು

ಪೈಪಿನೊಳಗೆ ಗುಳುಗುಳು ಅಂತ ನೀರು ಬಂತು, ಇನ್ನು ಗುಲಾಬಿ ಪಾತಿ ತುಂಬುತ್ತದೆ, ತುಂಬಲಿ, ಮಣ್ಣು ಹದವಾಗಿ ನೆನೆಯಲಿ, ಆದರೆ ಈ ಹೆಜ್ಜೆ ಯಾರದು — ನನ್ನದೇ, ಬೆಳಿಗ್ಗೆ ಕಳೆ ಕೀಳುವಾಗ ತುಳಿದದ್ದು, ಅದರೊಳಗೆ ಈಗ ನೀರು ನಿಲ್ಲುತ್ತಿದೆ, ನೋಡಬೇಡ ನಲ್ಲಪ್ಪ, ಅತ್ತ ತಿರುಗು. ಪೀಣ್ಯದ ಈ ಕಾರ್ಖಾನೆಯಲ್ಲಿ ಮಾಲಿ ಕೆಲಸ, ಏಳು ವರ್ಷ ಆಯಿತು, ಅದಕ್ಕೆ ಮುಂಚೆ ನಾನು ಊರ ಕೆರೆಯ ನೀರುಗಂಟಿ, ನಮ್ಮಪ್ಪನೂ ನೀರುಗಂಟಿ, ತೂಬು ಎತ್ತುವುದು ಇಳಿಸುವುದು ನಮ್ಮ ಮನೆಯವರ ಕೈಯಲ್ಲೇ, ಯಾವ ಗದ್ದೆಗೆ ಎಷ್ಟು ನೀರು ಅಂತ ನಾನು ಹೇಳಿದ ಮೇಲೆ ಪಟೇಲ ಗೋಪಾಲಪ್ಪನೂ ಎದುರಾಡುತ್ತಿರಲಿಲ್ಲ, ಆ ಕೊಬ್ಬೇ, ಥೂ, ಆ ಕೊಬ್ಬೇ ನನ್ನನ್ನು ಕೆಡಿಸಿದ್ದು.

ಆ ವರ್ಷ ಕೆರೆ ನಡುವಿನ ದಿಣ್ಣೆಯಲ್ಲಿ, ಜೊಂಡಿನ ಮರೆಯಲ್ಲಿ, ಕಾಡುಬಾತು ಗೂಡು ಕಟ್ಟಿತ್ತು, ಮೊದಲು ಕಂಡವಳು ನನ್ನ ಹೆಂಡತಿ ಮಾರಕ್ಕ, ಬಟ್ಟೆ ಒಗೆಯುವಾಗಲೂ ಕಣ್ಣು ಅತ್ತಲೇ, ಎರಿಗೆಗೆ ಬಂದಿರೋ ಮಗಳಂಗೆ ಕುಂತವ್ಳೆ ನೋಡಿ, ಅಂತ ನಗುತ್ತಿದ್ದಳು, ನಮ್ಮ ನಾಯಿ ಕರಿಯ ದಡದ ಮೇಲೇ ನಿಂತು ಮೂಸುತ್ತಿದ್ದ, ನೀರೆಂದರೆ ಅವನಿಗೆ ಪ್ರಾಣಭಯ, ನೀರು ಇದ್ದಷ್ಟು ದಿನ ಬಾತಿಗೆ ಭಯವಿರಲಿಲ್ಲ. ಬೇಸಿಗೆಯಲ್ಲಿ ಮೇಲುಗಡೆಯ ಹೊಸ ಕಾರ್ಖಾನೆಯಿಂದ ಎಣ್ಣೆನೀರು ಇಳಿಯಿತು, ಮೀನು ಸತ್ತು ತೇಲಿದವು, ಬಾತಿನ ಎದೆಗರಿ ಕಪ್ಪಗೆ ಅಂಟಿಕೊಂಡಿತು, ನೋಡಲಾರದೆ ಹೋದೆ, ಕೊಯ್ಲು ಮುಗಿದಿದೆ, ಈ ಹೊಲಸನ್ನು ಹೊರಗೆ ಬಿಟ್ಟರೆ ಮಳೆಗೆ ಹೊಸ ನೀರು ತುಂಬುತ್ತದೆ, ಬಾತೂ ಉಳಿಯುತ್ತದೆ, ತೂಬೆತ್ತುತೀನಿ ಕಣೇ ಅಂದೆ, ಇನ್ನೊಂದೆಂಟು ದಿನ ತಡ್ಕಳಿ, ಮರಿ ನೀರ್ಗಿಳೀಲಿ, ಆಮ್ಯಾಕೆ ಎತ್ತೀರಂತೆ, ಅಂದಳು, ನೀರಿನ ಇಚಾರ ನಂಗೇ ಯೋಳ್ಕೊಡ್ತೀಯಾ, ಬಾಯ್ಮುಚ್ಚು, ಅಂದೆ — ಯಾಕಾದರೂ ಅಂದೆನೋ, ನನ್ನ ನಾಲಿಗೆಗೆ ಬೆಂಕಿ ಬೀಳ, ಎಂಟೇ ದಿನ ಕೇಳಿದ್ದು ಅವಳು.

ತೂಬೆತ್ತಿದ ಮೂರು ದಿನಕ್ಕೆ ದಿಣ್ಣೆಗೂ ದಡಕ್ಕೂ ನಡುವೆ ಬರೀ ಕೆಸರು, ಮೊಟ್ಟೆ ಹೇಗಿವೆಯೋ ಅಂತ ಪಂಚೆ ಎತ್ತಿಕಟ್ಟಿ ನಾನೇ ನಡೆದು ಹೋದೆ, ಬಾತು ಬುರ್ರನೆ ಎದ್ದಿತು, ಒಂಬತ್ತು ಮೊಟ್ಟೆ, ಒಂದನ್ನು ಮುಟ್ಟಿದೆ, ಬೆಚ್ಚಗಿತ್ತು, ಗರಿ ಎಳೆದು ಮುಚ್ಚಿ ಬಂದೆ, ಒಂಬತ್ತೂ ಚೆಂದಾಗವೆ ಕಣೇ ಅಂತ ಮನೆಯಲ್ಲಿ ಮೀಸೆ ತಿರುವಿದೆ, ಅವಳು ಕೇಳಿದ್ದು ಒಂದೇ ಮಾತು, ಕರಿಯ ಎಲ್ಲಿ? ಏ ನಲ್ಲಪ್ಪ, ಪೈಪ್ ತಿರುಗ್ಸಪ್ಪ, ನೀರೆಲ್ಲ ರೋಡಿಗೆ ಹೋಗ್ತೈತೆ — ಸೂಪರ್‌ವೈಸರ್ ಶ್ಯಾಮಣ್ಣ, ಆಯ್ತು ಸಾರ್, ತಿರುಗಿಸ್ತೀನಿ ಸಾರ್ — ಓಡಿದೆವು, ನಾನೂ ಮಾರಕ್ಕನೂ ಕೆರೆಗೆ ಓಡಿದೆವು, ಜೊಂಡಿನ ತುಂಬ ಚಿಪ್ಪು, ಲೋಳೆ, ಕರಿಯ ಬಾಯಿ ನೆಕ್ಕುತ್ತ ಬಾಲ ಆಡಿಸುತ್ತ ಎದುರಿಗೇ ಬಂದ, ಮೇಲೆ ಬಾತು ಕೂಗುತ್ತ ಸುತ್ತುತ್ತಲೇ ಇತ್ತು, ಮಾರಕ್ಕ ಕೆಸರಿನತ್ತ ಬೆರಳು ತೋರಿಸಿದಳು, ಅಷ್ಟೇ. ಮಳೆಗೆ ಕೆರೆ ತುಂಬಿತು, ಬಾತು ಬರಲಿಲ್ಲ, ಇಂದಿಗೂ ಅವಳು ಆ ಮಾತೆತ್ತುವುದಿಲ್ಲ, ಒಂದು ಸಲ ಬಾಯ್ತುಂಬ ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಪಾತಿ ತುಂಬಿ ಹರಿಯುತ್ತಿದೆ, ಪೈಪು ಕೈಯಲ್ಲೇ ಇದೆ, ಅವಳು ತೋರಿಸಿದ ಆ ಕೆಸರು, ದಡದಿಂದ ಗೂಡಿನ ತನಕ ನನ್ನ ಹೆಜ್ಜೆಯ ಸಾಲು, ಅವನಿಗೆ ದಾರಿ ತೋರಿಸಿದವನು ನಾನೇ, ಒಂದೊಂದು ಹೆಜ್ಜೆಯೊಳಗೂ ಕರಿಯನ ಪಂಜ, ನನ್ನ ಹೆಜ್ಜೆ, ಅದರೊಳಗೆ ಪಂಜ, ನನ್ನ ಹೆಜ್ಜೆ, ಅದರೊಳಗೆ —