ಮುಖಪುಟದ ಸೇಬು

ಫೋಟೊ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ಸೊಸೆ ಒಳಗಿನಿಂದ ಮೇಜುಬಟ್ಟೆ ತರುವಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಸೇಬಿನ ಮೇಲೆ ಹಲ್ಲಿನ ಗುರುತು. ಪಕ್ಕದ ಕುರ್ಚಿಯಲ್ಲಿ ಮಾವ. ಅವರ ದವಡೆ ಇನ್ನೂ ಆಡುತ್ತಿತ್ತು.

“ಮಾವ, ಏನಿದು?”

“ಹಣ್ಣಲ್ವಾ? ಮೇಜಿನ ಮೇಲಿತ್ತು.”

“ಅದು ಫೋಟೊಗೆ ಇಟ್ಟಿದ್ದು. ಅದೂ ಮುಂದಿಂದಲೇ ಕಚ್ಚಿದೀರಲ್ಲ?”

“ಹಿಂದೆ ಕೊಳೆತಿದೆಯಮ್ಮ. ತಿನ್ನೋದು ಹೇಗೆ?”

ಮಾಸಪತ್ರಿಕೆಯ ಸಂಪಾದಕರು ಅವಳ ಎರಡು ಚಿತ್ರಗಳನ್ನು ಈಗಾಗಲೇ ತಿರಸ್ಕರಿಸಿದ್ದರು. ಇನ್ನರ್ಧ ಗಂಟೆಯಲ್ಲಿ ಖುದ್ದಾಗಿ ಬರುವವರಿದ್ದರು. ಇದೂ ಒಪ್ಪಿಗೆಯಾಗದಿದ್ದರೆ ಮುಖಪುಟ ಬೇರೆ ಸ್ಟುಡಿಯೋದ ಪಾಲು. ತೊಟ್ಟಿನಲ್ಲಿ ಹಸಿರೆಲೆ ಉಳಿದಿದ್ದ ಸೇಬು ಅದೊಂದೇ.

ಸೊಸೆ ದೀಪವನ್ನು ಎದುರಿನಿಂದ ತೆಗೆದು ಎಡಕ್ಕಿಟ್ಟಳು. ಕಪ್ಪು ರಟ್ಟೊಂದನ್ನು ಮಾವನ ಕೈಗಿತ್ತು, “ಅಲ್ಲಾಡಬೇಡಿ, ಅಗಿಯಲೂಬೇಡಿ,” ಎಂದಳು. ರಟ್ಟಿನ ನೆರಳು ಸೇಬಿನ ಬಲಗೆನ್ನೆಯ ಮೇಲೆ ಹರಡಿ ಗಾಯವನ್ನು ನುಂಗಿತು. ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಅದರ ಶಾರ್ಪ್‌ನೆಸ್, ಅಂದರೆ ಅಂಚುಗಳ ಮೊನಚು, ಇಳಿಸಿದೊಡನೆ ಕಚ್ಚಿದ ಅಂಚೂ ಮೆತ್ತಗಾಗಿ ಕತ್ತಲಲ್ಲಿ ಕರಗಿತು. ಗಾಜಿನ ಹೂಜಿ, ಬಟ್ಟೆಯ ಮಡಿಕೆ, ಅರ್ಧ ಬೆಳಗಿದ ಹಣ್ಣು. ಹಿಂದಿನ ಎರಡೂ ಚಿತ್ರಗಳು ಇದರ ಮುಂದೆ ಸಪ್ಪೆ.

ಸಂಪಾದಕರು ಬಂದವರೇ ಕಂಪ್ಯೂಟರಿನ ಪರದೆಯತ್ತ ಬಾಗಿದರು.

“ನೆರಳು ಚೆನ್ನಾಗಿ ಬಂದಿದೆ. ಶಾರ್ಪ್‌ನೆಸ್ ಸ್ವಲ್ಪ ಏರಿಸಿ.”

“ಒರಟಾಗತ್ತೆ ಸರ್.”

“ಆಗ್ಲಿ, ನೋಡೋಣ.”

ಒಂದು ಹಂತ ಏರಿತು. ಹೂಜಿಯ ಅಂಚು ಮಿನುಗಿತು. ಮತ್ತೊಂದು, ಬಟ್ಟೆಯ ನೂಲೆಳೆಗಳು ಎದ್ದು ಕಂಡವು.

“ಇನ್ನೂ ಸ್ವಲ್ಪ.”

ನೆರಳಿನ ಒಡಲಿನಿಂದ ಹಲ್ಲಿನ ಗುರುತುಗಳು ಒಂದೊಂದಾಗಿ ಹೊರಬಂದವು. ಸಾಲಿನ ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ.

“ಈ ನೆರಳು ಯಾರ ಕೈಚಳಕ?” ಸಂಪಾದಕರು ತಲೆಯೆತ್ತದೆಯೇ ಕೇಳಿದರು.

“ನಂದೇ,” ಎಂದು ಮಾವ ಬಾಯಿತುಂಬ ನಕ್ಕರು. ಮುಂದಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ.

ಸಂಪಾದಕರು ಮಾವನ ಬಾಯಿ ನೋಡಿದರು, ಪರದೆ ನೋಡಿದರು, ಮತ್ತೆ ಬಾಯಿ ನೋಡಿದರು. ಮಾವ ತಟ್ಟನೆ ತುಟಿ ಮುಚ್ಚಿದರು. ತಡವಾಗಿತ್ತು.

“ಮೊದಲಿದ್ದಲ್ಲಿಗೇ ಇಳಿಸಿಬಿಡಿ,” ಎಂದರು ಸಂಪಾದಕರು ಗಂಭೀರವಾಗಿ. “ಓದುಗರಿಗೆ ಅಷ್ಟೆಲ್ಲ ಕಾಣೋದು ಬೇಡ. ಮುಖಪುಟಕ್ಕೆ ಇದೇ ಇರ್ಲಿ.”

ಸೊಸೆ ತಕ್ಷಣ ಶಾರ್ಪ್‌ನೆಸ್ ಇಳಿಸಿದಳು.

“ಚಿತ್ರಕ್ಕೆ ನಿಮ್ಮ ಹೆಸರು. ಜೊತೆಗೆ ಈ ಹಿರಿಯರದ್ದೂ ಹಾಕ್ಲಾ?”

“ನೆರಳಿಗೆ ಮಾತ್ರ ಹಾಕಿ ಸರ್,” ಎಂದಳವಳು, ಮಾವನನ್ನು ಓರೆಗಣ್ಣಲ್ಲಿ ನೋಡುತ್ತ. “ಹಲ್ಲಿನ ವಿಚಾರ ನಾವು ಮನೇಲೇ ಮಾತಾಡ್ಕೋತೀವಿ.”